ಯಾರ ಪಕ್ಕ ಯಾರು ಕೂರಬೇಕು

ಮೊನ್ನೆ ಗುಂಡ್ಲುಪೇಟೆಯಲ್ಲಿ ನಮ್ಮ ಟೆಂಪೋಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲೊಂದು ಲಾರಿ, ಇಂಜಿನ್ ಆಫ್ ಮಾಡಿರಲಿಲ್ಲ. ಇಬ್ಬರು ಆಳುಗಳು ಚೆಂಡುಹೂವಿನ ಒದ್ದೆ ಮೂಟೆಗಳನ್ನು ಅದಕ್ಕೆ ಎತ್ತಿ ಹಾಕುತ್ತಿದ್ದರು. ಡೀಸೆಲ್ ಹೊಗೆಯೂ ಒದ್ದೆ ಹೂವಿನ ಘಾಟೂ ಕಲೆತು ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ತಲೆನೋವು ಬರಿಸುವ ವಾಸನೆ. ನನಗೆ ಅದು ಬೆಳಿಗ್ಗೆ ಏಳೂವರೆಯ ಬಸ್ಸಿನ ವಾಸನೆ. ಚಾಮರಾಜನಗರದಿಂದ ಹೊರಟು, ನಮ್ಮ ಉಡಿಗಾಲದ ಮೇಲೆ ಬಂದು, ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಸೇರುತ್ತಿದ್ದ ಪ್ರೈವೇಟ್ ಬಸ್ಸು ಅದು. ಉಡಿಗಾಲಕ್ಕೆ ಬರುತ್ತಿದ್ದುದು ಏಳೂವರೆಗೆ, ಹಾಗಾಗಿ ನಮಗೆ ಅದು ಏಳೂವರೆ ಬಸ್ಸು. ಅದರ ಕಂಡಕ್ಟರು ನೆನಪಾದರು… ನೆನಪಾದರು ಅನ್ನುವುದೂ ಸುಳ್ಳೇ. ಈಚೆಗೆ ಅವರು ನನ್ನ ತಲೆಯಿಂದ ಆಚೆ ಹೋಗಿದ್ದರೆ ತಾನೆ ನೆನಪಾಗುವುದಕ್ಕೆ.

ನಾವೆಲ್ಲ ಅವರನ್ನು ಕಂಡಕ್ಟರಣ್ಣ ಅನ್ನುತ್ತಿದ್ದೆವು. ನಾನು ಮೊದಲು ಕಂಡಾಗಲೇ ಐವತ್ತು ದಾಟಿದ್ದ ಮನುಷ್ಯ. ಮೀಸೆಗೆ ಮಾತ್ರ ಬಣ್ಣ ಹಚ್ಚುತ್ತಿದ್ದರು, ತಲೆಗೆ ಹಚ್ಚುತ್ತಿರಲಿಲ್ಲ. ಹಾಗಾಗಿ ಮುಖದ ಮೇಲೆ ಯಾರದೋ ಮೀಸೆ ತಂದು ಅಂಟಿಸಿಕೊಂಡವರ ಹಾಗೆ ಕಾಣುತ್ತಿದ್ದರು. ಚಿಲ್ಲರೆ ಇಲ್ಲ ಅಂದರೆ ಉರಿದುಬೀಳುತ್ತಿದ್ದರು. ಕಾಲೇಜು ಹುಡುಗರನ್ನು ಕಂಡರೆ ಆಗುತ್ತಿರಲಿಲ್ಲ. ಇಂಥವರಿಗೆ ಒಂದು ಅಭ್ಯಾಸವಿತ್ತು. ಬಸ್ಸು ಹತ್ತಿದವರು ಖಾಲಿ ಸೀಟು ಕಂಡ ಕಡೆ ಕೂರುವ ಹಾಗಿರಲಿಲ್ಲ. "ಅಲ್ ಬ್ಯಾಡ, ಇಲ್ ಬಾ" ಅಂತ ಕೂತವರನ್ನೂ ಎಬ್ಬಿಸಿ ಇನ್ನೊಂದು ಕಡೆ ಕೂರಿಸುತ್ತಿದ್ದರು. ಮದುವೆ ಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವ ಹಿರಿಯರೊಬ್ಬರು ಇರುತ್ತಾರಲ್ಲ, ಹಾಗೆ. ಹೊಸಬರಿಗೆ ಸಿಟ್ಟು ಬರುತ್ತಿತ್ತು. ನನಗೂ ಬಂದಿತ್ತು.

ಆಗ ನಾನು ಗುಂಡ್ಲುಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಮದುವೆಯಾಗಿ ಉಡಿಗಾಲಕ್ಕೆ ಬಂದು ಸ್ವಲ್ಪ ಕಾಲವಾಗಿತ್ತು. ಮನೆಯವರು ತೋಟ ನೋಡಿಕೊಳ್ಳುತ್ತಿದ್ದರು. ತೋಟ ಅಂದರೆ ಬಾಳೆ, ಬದುವಿನಲ್ಲಿ ನಾಲ್ಕು ಸಾಲು ವೀಳ್ಯದೆಲೆ ಬಳ್ಳಿ, ಅಷ್ಟೆ. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಗುಂಡ್ಲುಪೇಟೆ ಬರುವವರೆಗೆ ಕಣ್ಣು ಮುಚ್ಚುವುದೊಂದೇ ನನ್ನ ಪಾಲಿನ ಸುಖ. ಒಂದು ದಿನ ಕಂಡಕ್ಟರಣ್ಣ ಬಂದು ಆ ಸೀಟಿನಿಂದ ನನ್ನನ್ನು ಎಬ್ಬಿಸಿದರು. "ಏಳಮ್ಮಿ. ಇಂದ್ಲು ಸೀಟ್ಗೋಗು. ಆಯಮ್ಮನ್ ಪಕ್ಕ ಕುಂತ್ಕೊ, ಮಾತಾಡ್ಕಳಿ" ಅಂದರು. ಏನು ಮಾತಾಡಬೇಕು ಅಂತ ಹೇಳಲಿಲ್ಲ. ಅವರು ಯಾರಿಗೂ ಹೇಳುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಇದ್ದವರು ಕೇರಳದ ಹೆಂಗಸು. ಗುಂಡ್ಲುಪೇಟೆಯಲ್ಲಿ ಲಾರಿ ಡ್ರೈವರುಗಳಿಗೆ ಊಟ ಹಾಕುವ ಮೆಸ್ಸು ನಡೆಸುತ್ತಿದ್ದರು. ತೆರಕಣಾಂಬಿಯಲ್ಲಿ ಅಕ್ಕನ ಮನೆಯೋ ಏನೋ ಇತ್ತು, ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದರು. ಎಲ್ಲರೂ ಅವರನ್ನು ಚೇಚಿ ಅನ್ನುತ್ತಿದ್ದರು, ಅವರ ಕಡೆ ಅಕ್ಕ ಅನ್ನುವುದಕ್ಕೆ ಹಾಗೆ. ಅವರ ಕನ್ನಡ ಅರ್ಧ, ಮಲಯಾಳ ಅರ್ಧ. ಊರು ಯಾವುದು, ಮಕ್ಕಳೆಷ್ಟು ಅಂತೆಲ್ಲ ಆದಮೇಲೆ ತೋಟದ ಮಾತು ಬಂತು. ಚೇಚಿ ನನ್ನ ಕೈ ಹಿಡಿದುಕೊಂಡು, "ಎಲೆ ಉಂಟಾ? ನಲ್ಲ ಎಲೆ ವೇಣಂ. ನಾಳೆ ಒಂದು ಕಟ್ಟು ತಾ" ಅಂದರು. ಒಳ್ಳೆ ಎಲೆ ಬೇಕು ತಾನೆ, ಅದಕ್ಕೇನಂತೆ ಅಂದುಕೊಂಡೆ. ಸಂಜೆ ಮನೆಗೆ ಹೋಗಿ ಬದುವಿನ ಬಳ್ಳಿಯಿಂದ ಚೆನ್ನಾಗಿರುವ ಎಲೆಗಳನ್ನೇ ಆರಿಸಿ ಕೊಯ್ದೆ. ಜೋಡಿಸಿ, ಕಟ್ಟು ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಳಿಗ್ಗೆ ಚೇಚಿಯ ಮಡಿಲಿಗೆ ಇಟ್ಟೆ.

ಚೇಚಿ ಬಟ್ಟೆ ಬಿಚ್ಚಿ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಎಲೆ ನೋಡಿದರು. "ಇದರಲ್ಲಿ ಹೆಂಗೆ ಚೋರು ಬಡಿಸೋದು?" ಅಂತ ಕೇಳಿದರು. ಚೋರು ಅಂದರೆ ಅನ್ನ ಅನ್ನುವುದು ನನಗೆ ಗೊತ್ತಾಗುವಷ್ಟರಲ್ಲಿ ಇಡೀ ಬಸ್ಸು ನಗುತ್ತಿತ್ತು. ಕಂಡಕ್ಟರಣ್ಣ ಕಂಬಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಉಣ್ಣೋ ಎಲೆ ಕಣಮ್ಮಿ, ಮೆಲ್ಲೋ ಎಲೆ ಅಲ್ಲ! ಬಾಳೆಲೆ, ಬಾಳೆಲೆ!" ಅಂದರು.

ನನಗೆ ಅವಮಾನಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಬಾಳೆಲೆಯನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರಾ? ನಮ್ಮೂರಲ್ಲಿ ಯಾರ ಮನೆಯಲ್ಲಿ ದೇವರ ಕಾರ್ಯವಾದರೂ ಬಂದು ಕೊಯ್ದುಕೊಂಡು ಹೋಗುತ್ತಿದ್ದರು, ಕೇಳುವ ಶಾಸ್ತ್ರವೂ ಇರಲಿಲ್ಲ. ಮಿಕ್ಕಿದ್ದನ್ನು ಹಸು ತಿನ್ನುತ್ತಿತ್ತು. ವೀಳ್ಯದೆಲೆ ಮಾರುವ ಮಾಲು, ಬಾಳೆಗೊನೆ ಮಾರುವ ಮಾಲು. ಅದರ ಎಲೆ ನಮ್ಮ ಕಣ್ಣಿಗೆ ಮಾಲು ಅಂತ ಬಿದ್ದೇ ಇರಲಿಲ್ಲ. ಅದು ಬಿದ್ದದ್ದು ಕಂಡಕ್ಟರಣ್ಣನ ಕಿವಿಗೆ. ಮೆಸ್ಸಿಗೆ ಬರುವ ಎಲೆಯೆಲ್ಲ ಹರಿದಿರುತ್ತದೆ ಅಂತ ಚೇಚಿ ಒಂದು ದಿನ ಗೊಣಗಿದ್ದರಂತೆ, ನಮ್ಮ ತೋಟವನ್ನು ಇವರು ದಿನಾ ಬಸ್ಸಿನಿಂದ ನೋಡುತ್ತಿದ್ದರಂತೆ. ಎರಡನ್ನೂ ತಂದು ಒಂದೇ ಸೀಟಿನಲ್ಲಿ ಕೂರಿಸಿದ್ದರು.

ಅವತ್ತಿನ ವೀಳ್ಯದೆಲೆಯೂ ದಂಡವಾಗಲಿಲ್ಲ. ಕಂಡಕ್ಟರಣ್ಣ ಕಟ್ಟನ್ನು ಎತ್ತಿಕೊಂಡು ಬಸ್ಸಿನ ಮುಂದಕ್ಕೆ ಹೋದರು. ಅಲ್ಲಿ ಹರದನಹಳ್ಳಿ ಕಡೆಯ ಒಂದು ಕುಟುಂಬ ಮದುವೆ ಶಾಸ್ತ್ರಕ್ಕೆ ಗುಂಡ್ಲುಪೇಟೆಗೆ ಹೊರಟಿತ್ತು. ಅವರಿಗೆ ಕೊಟ್ಟು ಬಂದು, ನನ್ನ ಕೈಗೆ ದುಡ್ಡು ಹಾಕಿ, "ತಕೊ. ನಾಳಿಕ್ಕೆ ಬಾಳೆಲೆ ತಾ. ಮರೀಬ್ಯಾಡ ಕಣಮ್ಮಿ" ಅಂದರು.

ಗೊನೆ ಸೊರಗುತ್ತದೆ ಅಂತ ಅತ್ತೆ ಮೊದಮೊದಲು ಬಾಳೆ ಹತ್ತಿರ ಕುಡುಗೋಲು ಬಿಡಲಿಲ್ಲ. ಆಮೇಲೆ ಎಲೆಗೆಂದೇ ಒಂದು ಮಗ್ಗುಲು ಗಿಡ ಬಿಟ್ಟುಕೊಟ್ಟರು. ಚೇಚಿಯ ಮೆಸ್ಸಿನಿಂದ ಇನ್ನೊಂದು ಹೋಟೆಲು, ಅಲ್ಲಿಂದ ಓಣಂ ಊಟಕ್ಕೆ ಗಡಿಯಾಚೆಯ ಆರ್ಡರು. ಬಟ್ಟೆ ಅಂಗಡಿ ಕೆಲಸ ಬಿಟ್ಟೆ. ಎಲೆಯ ಹೊರೆಗಳನ್ನು ಕಂಡಕ್ಟರಣ್ಣ ಹಿಂದಿನ ಸೀಟಿನ ಕೆಳಗೆ ನೂಕಿ, ಅದರ ಮೇಲೆ ಯಾರೂ ಕಾಲಿಡದ ಹಾಗೆ ಕಾಯುತ್ತಿದ್ದರು. ಲಗೇಜು ಅಂತ ದುಡ್ಡು ಕೇಳಿದವರಲ್ಲ.

ನನ್ನೊಬ್ಬಳ ಕಥೆಯಲ್ಲ ಇದು. ಚೆಂಡುಹೂ ಬೆಳೆಯುತ್ತಿದ್ದ ನಮ್ಮೂರ ಅಕ್ಕನೊಬ್ಬಳನ್ನು ಮಂಟಪ ಕಟ್ಟುವವನ ಪಕ್ಕ ಕೂರಿಸಿದರು. ಅವಳು ಈಗ ಹೂ ಮಾರುವುದಿಲ್ಲ, ಮಂಟಪವನ್ನೇ ಕಟ್ಟುತ್ತಾಳೆ. ಹೊಲಿಗೆ ಮೆಷಿನ್ ಇಟ್ಟುಕೊಂಡು ಕೆಲಸವಿಲ್ಲದೆ ಕೂತಿದ್ದ ತೆರಕಣಾಂಬಿಯವಳೊಬ್ಬಳನ್ನು ಶಾಲೆಯ ಮೇಷ್ಟ್ರ ಪಕ್ಕ ಕೂರಿಸಿದರು, ಯೂನಿಫಾರಂ ಕೆಲಸ ಸಿಕ್ಕಿತು. ಎಲ್ಲವೂ ಕೂಡಿಬರುತ್ತಿತ್ತು ಅಂತೇನಲ್ಲ. ಒಂದು ಸಲ ಜೇನು ಮಾರುವವನನ್ನು ನಾಟಿ ಔಷಧಿ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯ ಸಾಹುಕಾರರ ಪಕ್ಕ ಬಲವಂತವಾಗಿ ಕೂರಿಸಿದರು. ಆಮೇಲೆ ಗೊತ್ತಾಯಿತು, ಅವರಿಬ್ಬರೂ ದಾಯಾದಿಗಳು, ಜಮೀನಿನ ಕೇಸು ನಡೆದು ವರ್ಷಗಟ್ಟಲೆ ಮಾತು ಬಿಟ್ಟವರು. ಇಬ್ಬರೂ ಗುಂಡ್ಲುಪೇಟೆವರೆಗೆ ಒಬ್ಬ ಕಿಟಕಿ ಕಡೆ, ಒಬ್ಬ ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು. ಕಂಡಕ್ಟರಣ್ಣ ಇಳಿಯುವಾಗ ಇಬ್ಬರಿಂದಲೂ ಬೈಸಿಕೊಂಡರು.

ನಿಮಗೇನು ಲಾಭ ಇದರಲ್ಲಿ ಅಂತ ಒಮ್ಮೆ ಕೇಳಿದ್ದೆ. "ನಿಮ್ಗೆ ಯಾಪಾರ ಆದ್ರೆ ತಾನೆ ನಮ್ ಬಸ್ಗೆ ಜನ? ಜನ ಇದ್ರೆ ತಾನೆ ನಮ್ ಮನೇಲಿ ಒಲೆ ಉರಿಯಾದು? ಪುಣ್ಯಕ್ ಮಾಡ್ತಿನಿ ಅನ್ಕಬುಟ್ಯಾ ಅಮ್ಮಿ?" ಅಂದರು. ಆ ಮಾತು ನನಗೆ ಆಗ ಬಹಳ ಹಿಡಿಸಿತ್ತು. ಲೆಕ್ಕಾಚಾರದ ಮನುಷ್ಯ, ಉಪಕಾರದ ಭಾರ ಹೊರಿಸುವುದಿಲ್ಲ ಅಂತ. ಆ ಲೆಕ್ಕಾಚಾರದಲ್ಲಿ ನಾನೂ ಮಾಡಬೇಕಾದ್ದು ಒಂದಿದೆ ಅಂತ ಯೋಚಿಸಲಿಲ್ಲ.

ನಿಧಾನವಾಗಿ ಹಿಂದಿನ ಸೀಟುಗಳೆಲ್ಲ ನಮ್ಮದೇ ಆದವು. ಹೂವಿನವಳು, ಹೊಲಿಗೆಯವಳು, ಹಪ್ಪಳದವಳು, ಚೇಚಿ, ನಾನು. ಎಲ್ಲಿ ಗೃಹಪ್ರವೇಶ, ಯಾವ ಹೋಟೆಲಿನವನು ದುಡ್ಡು ಕೊಡದೆ ಸತಾಯಿಸುತ್ತಾನೆ, ಯಾವ ಹೊಸ ಛತ್ರ ಏಳುತ್ತಿದೆ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಮೊಬೈಲು ಬಂದ ಮೇಲೆ ನಾನೇ ಮುಂದಾಗಿ ವಾಟ್ಸಾಪ್ ಗುಂಪು ಮಾಡಿದೆ. 'ಏಳೂವರೆ ಬಸ್ಸು' ಅಂತ ಹೆಸರಿಟ್ಟೆ. ಕಂಡಕ್ಟರಣ್ಣನನ್ನೂ ಸೇರಿಸು ಅಂತ ಹೂವಿನವಳು ಹೇಳಿದಳು. "ಅವ್ರಿಗ್ಯಾಕಕ್ಕ? ಅವ್ರೇನ್ ಯಾಪಾರ ಮಾಡ್ತಾರಾ?" ಅಂದೆ. ನಾನು ಅಂದದ್ದು ಇಷ್ಟೇ. ಮಾತು ಬೇರೆ ಕಡೆ ಹೋಯಿತು.

ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಅಂತಾಯಿತು. ಅದರ ಬಗ್ಗೆ ನನಗೇನೂ ತಕರಾರಿಲ್ಲ. ಆಸ್ಪತ್ರೆಗೆ ಹೋಗಲು ಮಗನ ಮುಂದೆ ಕೈ ಚಾಚುತ್ತಿದ್ದ ಎಷ್ಟೋ ಮುದುಕಿಯರು ಈಗ ತಾವೇ ಹೋಗಿ ಬರುತ್ತಾರೆ. ಆದರೆ ಏಳೂವರೆ ಬಸ್ಸಿನಲ್ಲಿ ಸೀಟುಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಮೊದಮೊದಲು ಕಂಡಕ್ಟರಣ್ಣ ತಮಾಷೆ ಮಾಡುತ್ತಿದ್ದರು. ಆಮೇಲೆ ತಮಾಷೆ ಕಡಿಮೆಯಾಯಿತು. ಮೀಸೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟರು.

ಒಂದು ಬೆಳಿಗ್ಗೆ ಹಿಂದಿನ ಸೀಟಿಗೆ ಬಂದು ನಮ್ಮ ಮಧ್ಯೆ ಕೂತರು. ಅವರು ಬಸ್ಸಿನಲ್ಲಿ ಕೂತದ್ದನ್ನು ನಾನು ನೋಡಿದ್ದೇ ಅವತ್ತು. "ಓನರು ಬೆಳಗ್ನ ಟ್ರಿಪ್ ನಿಲ್ಲಿಸ್ತಿನಿ ಅಂತಾವ್ರೆ ಕಣ್ರಮ್ಮಿ. ಈ ಟ್ರಿಪ್ ನಿಂತ್ರೆ ಬಸ್ಸೇ ನಿಂತಂಗೆ. ದೀಪಾವಳಿಗಂಟ ನೋಡ್ತಾರಂತೆ. ಸಂಜೆ ನೀವು ಯಾವ್ದ್ರಲ್ಲಾರ ಓಗಿ. ಬೆಳಿಗ್ಗೆ ಒಂದೊತ್ತು ಇದ್ರಲ್ ಬನ್ನಿ, ಸಾಕು" ಅಂದರು. ಅವರು ನಮ್ಮನ್ನು ಏನಾದರೂ ಕೇಳಿದ್ದು ಅಷ್ಟೂ ವರ್ಷಗಳಲ್ಲಿ ಅದೊಂದೇ ಸಲ. ಎಲ್ಲರೂ ಆಗಲಿ ಅಂದೆವು. ಎಲ್ಲರಿಗಿಂತ ಜೋರಾಗಿ ನಾನೇ ಅಂದೆ. "ಅದ್ಯಾಕಣ್ಣ ಅಂಗ್ ಕೇಳ್ತೀರಿ, ನಮ್ ಬಸ್ಸಲ್ವಾ ಇದು?" ಅಂದೆ. ಅವರ ಮುಖ ಅರಳಿತು.

ಕೆಲವು ದಿನ ಮಾತು ಉಳಿಸಿಕೊಂಡೆವು. ಆಮೇಲೆ ಹಪ್ಪಳದವಳು ಬರಲಿಲ್ಲ. ಹೊಲಿಗೆಯವಳು ಮಗುವಿಗೆ ಹುಷಾರಿಲ್ಲ ಅಂದಳು. ಅವರನ್ನು ಗುಂಪಿನಲ್ಲಿ ಬೈದವಳೂ ನಾನೇ.

ಆ ಬೆಳಿಗ್ಗೆ… ನಾನು ಎಲೆಯ ಹೊರೆಗಳನ್ನು ಸ್ಟಾಪಿನಲ್ಲಿ ಇಳಿಸಿಕೊಂಡು ನಿಂತಿದ್ದೆ. ಏಳೂವರೆ ಬಸ್ಸು ಬಂತು. ಅದರ ಬೆನ್ನಿಗೇ ಸರ್ಕಾರಿ ಬಸ್ಸೂ ಬಂತು. ಕಂಡಕ್ಟರಣ್ಣ ಇಳಿದು ಬಂದು ನನ್ನ ಹೊರೆಗಳನ್ನು ಎತ್ತಿ ತಮ್ಮ ಬಸ್ಸಿಗೆ ಹಾಕಿದರು. ನಾನು ಹಿಂದೆಯೇ ಹತ್ತಬೇಕಿತ್ತು. ಸರ್ಕಾರಿ ಬಸ್ಸಿನ ಕಿಟಕಿಯಿಂದ ನಮ್ಮ ನಾದಿನಿ "ಬಾ ಬಾ, ಸೀಟದೆ" ಅಂತ ಕೂಗಿದಳು. ಏನು ಮಾಡುತ್ತಿದ್ದೇನೆ ಅಂತ ಯೋಚಿಸಲೇ ಇಲ್ಲ ಅಂತ ಬರೆದರೆ ನನಗೆ ಸುಲಭ. ಯೋಚಿಸಿದೆ. ಅಲ್ಲಿ ಲಗೇಜು ಹಾಕಿಸಿದರೆ ದುಡ್ಡು, ಇಲ್ಲಿ ಕೂತರೆ ಟಿಕೆಟ್ಟಿಗೆ ದುಡ್ಡು. ಹೊರೆ ಅವರ ಬಸ್ಸಿನಲ್ಲಿ ಬರಲಿ, ನಾನು ಸರ್ಕಾರಿ ಬಸ್ಸಿನಲ್ಲಿ ಬರುತ್ತೇನೆ. ಎರಡು ಕಡೆಯೂ ಪುಕ್ಕಟೆ. "ಅಣ್ಣ, ಅವು ಬರ್ತಾ ಇರ್ಲಿ, ನಾನು ಅಲ್ಲೇ ಸಿಕ್ತೀನಿ" ಅಂತ ಕೂಗಿ ಹೇಳಿ ಆ ಬಸ್ಸು ಹತ್ತಿಬಿಟ್ಟೆ. ನಗುತ್ತಲೇ ಹೇಳಿದೆ. ಅವರು ಬಾಗಿಲಲ್ಲಿ ನಿಂತು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸೀಟಿ ಊದಿದರು.

ಗುಂಡ್ಲುಪೇಟೆಯಲ್ಲಿ ನನಗಿಂತ ತಡವಾಗಿ ಅವರ ಬಸ್ಸು ಬಂತು. ಒಳಗೆ ಬೆರಳೆಣಿಕೆಯ ಜನ. ನಮ್ಮ ಹಿಂದಿನ ಸೀಟುಗಳ ಮೇಲೆ ನನ್ನ ಎಲೆಯ ಹೊರೆಗಳು ಕೂತಿದ್ದವು, ಕೆಳಗಲ್ಲ, ಸೀಟಿನ ಮೇಲೆಯೇ. ಅವುಗಳ ಮೇಲೆ ಒದ್ದೆ ಗೋಣಿತಾಟು ಹೊದಿಸಿತ್ತು. ಕಂಡಕ್ಟರಣ್ಣ ಒಂದೊಂದಾಗಿ ಇಳಿಸಿಕೊಟ್ಟರು. ನಾನು ಏನೋ ಹೇಳಲು ಹೋದೆ, ನಾದಿನಿ ಕರೆದಳು ಅಂತಲೋ ಏನೋ. ಅವರು ಅದನ್ನು ಕೇಳಿಸಿಕೊಳ್ಳದೆ, "ಬಿಸ್ಲು ಬಲ ಅದೆ. ಬಾಡ್ಬುಡ್ತವೆ ಅಂತ ನೀರ್ ಚಿಮುಕ್ಸಿವ್ನಿ. ಬೇಗ ತಕೊಂಡೋಗು" ಅಂದರು. ಅಮ್ಮಿ ಅನ್ನಲಿಲ್ಲ. ಅವರ ಬಾಯಿಂದ ಅಮ್ಮಿ ಇಲ್ಲದ ಮಾತು ಕೇಳಿದ್ದು ಅದೇ ಮೊದಲು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಮಾರನೆಯ ದಿನದಿಂದ ಅವರ ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮುಖ ತೋರಿಸಲು ನಾಚಿಕೆ. ಆ ನಾಚಿಕೆಗೆ ಮನೆಯವರಿಗೆ ದುಂಬಾಲು ಬಿದ್ದು, ಸಾಲ ಮಾಡಿಸಿ ಟೆಂಪೋ ತೆಗೆಸಿದೆ. ವ್ಯಾಪಾರ ಬೆಳೆದಿದೆ, ಗಾಡಿ ಬೇಕಿತ್ತು ಅಂತ ಊರಿಗೆಲ್ಲ ಹೇಳಿದೆ. ಅದೂ ನಿಜವೇ. ದೀಪಾವಳಿಗೆ ಮುಂಚೆಯೇ ಬಸ್ಸು ನಿಂತಿತು. ಅದು ನನ್ನೊಬ್ಬಳ ಟಿಕೆಟ್ಟಿನಿಂದ ನಿಂತದ್ದಲ್ಲ ಅಂತ ಮನೆಯವರು ಹೇಳುತ್ತಾರೆ. ಅದು ನನಗೂ ಗೊತ್ತು. ಆದರೆ ನಾನು ಕೊಟ್ಟ ಮಾತು ನನ್ನೊಬ್ಬಳದೇ ಆಗಿತ್ತಲ್ಲ. ಕಂಡಕ್ಟರಣ್ಣ ಎಲ್ಲಿ ಹೋದರು ಅಂತ ನಾನು ವಿಚಾರಿಸಲಿಲ್ಲ. ಅವರ ಊರು ಯಾವುದು ಅಂತಲೂ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮೆಲ್ಲರ ಊರು, ಮನೆ, ತೋಟ, ಕಷ್ಟ ಅವರಿಗೆ ಗೊತ್ತಿತ್ತು.

ಗುಂಪು ಈಗಲೂ ಇದೆ. ಬೆಳಿಗ್ಗೆ ದೇವರ ಚಿತ್ರ ಬರುತ್ತದೆ, ಹಬ್ಬಕ್ಕೆ ಶುಭಾಶಯ ಬರುತ್ತದೆ. ವ್ಯಾಪಾರದ ಸುದ್ದಿ ಬರುವುದಿಲ್ಲ. ಹೊಸ ಛತ್ರ ಎದ್ದದ್ದು ಹೂವಿನವಳಿಗೆ ಗೊತ್ತಾದರೆ ಅವಳು ಸುಮ್ಮನೆ ಹೋಗಿ ಮಾತಾಡಿಕೊಂಡು ಬರುತ್ತಾಳೆ. ನಾನೂ ಹಾಗೆಯೇ. ಎಲೆ ಕೇಳಿದವರು ಹಪ್ಪಳವನ್ನೂ ಕೇಳಿದರೆ, ಹಪ್ಪಳದವಳಿಗೆ ಹೇಳುವ ಬದಲು ನಾನೇ ಎಲ್ಲಿಂದಲೋ ತರಿಸಿ ಕೊಡುತ್ತೇನೆ. ಒಬ್ಬರಿಗೊಬ್ಬರು ಬೇಕಾದವರೇ, ಜಗಳವೇನಿಲ್ಲ. ನಮ್ಮ ನಮ್ಮ ಪಕ್ಕದ ಸೀಟಿನ ಮೇಲೆ ನಾವೇ ಬ್ಯಾಗು ಇಟ್ಟುಕೊಂಡಿದ್ದೇವೆ, ಅಷ್ಟೆ. ಅದನ್ನು ತೆಗೆಸಿ ಇನ್ನೊಬ್ಬರನ್ನು ಕೂರಿಸುತ್ತಿದ್ದವರು ಇಲ್ಲ.

ಹೋದ ವರ್ಷ ಹಂಗಳದ ಕಡೆಯ ಒಂದು ರೆಸಾರ್ಟಿನಿಂದ ಫೋನ್ ಬಂತು. ವಾರಕ್ಕೆರಡು ಸಲ ಎಲೆ ಬೇಕು ಅಂದರು. ನನ್ನ ಹೆಸರು ಅಲ್ಲಿಯವರೆಗೂ ಹೋಗಿದೆ ಅಂತ ನನಗೆ ಕೋಡು ಮೂಡಿತು. ಎಲೆಯನ್ನು ನಮ್ಮ ಡ್ರೈವರ್ ಹೋಗಿ ಇಳಿಸಿ ಬರುತ್ತಿದ್ದ. ನಾನು ಒಂದು ಸಲವೂ ಹೋಗಲಿಲ್ಲ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ, ಅಲ್ಲೊಂದು ದೊಡ್ಡ ಮದುವೆ ಇದೆ, ನೀವೇ ಬಂದು ಮಾತಾಡಿ ಅಂತ ಮ್ಯಾನೇಜರ್ ಕರೆದರು. ಹೋದೆ. ಮಾತೆಲ್ಲ ಮುಗಿದ ಮೇಲೆ, ನಮ್ಮ ಬಗ್ಗೆ ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಹೊಗಳಿಸಿಕೊಳ್ಳುವ ಆಸೆ, ಮತ್ತೇನು.

"ನಮ್ಮ ವಾಚ್‌ಮನ್ ಹೇಳಿದ್ದು ಮೇಡಂ. ಮೊದ್ಲು ಬಸ್ಸಲ್ಲಿ ಕಂಡಕ್ಟರ್ ಆಗಿದ್ರಂತೆ. ಇಲ್ಲಿ ಎಲೆ ಸರಿ ಬರ್ತಿಲ್ಲ ಅಂತ ಮಾತಾಡ್ತಿದ್ವಿ, ಅವ್ರೇ ಬಂದು ನಿಮ್ಮ ವಿಷಯ ಹೇಳಿದ್ರು. ಉಡಿಗಾಲದವಳು, ನಮ್ಮ ಹುಡುಗಿ ಅಂದ್ರು."

ಎಲ್ಲಿದ್ದಾರೆ ಅಂತ ಕೇಳುತ್ತಾ ಎದ್ದು ನಿಂತಿದ್ದೆ.

"ಹೋಗ್ಬಿಟ್ರಲ್ಲ ಮೇಡಂ, ನಿಮ್ಗೆ ಗೊತ್ತಿಲ್ವಾ? ಎದೆನೋವು ಅಂತ ಮೈಸೂರಿಗೆ ಕರ್ಕೊಂಡು ಹೋದ್ರು. ದಾರೀಲೇ…"

ಟೆಂಪೋದಲ್ಲಿ ವಾಪಸು ಬರುವಾಗ ಡ್ರೈವರನ್ನು ಕೇಳಿದೆ, ಆ ಗೇಟಿನಲ್ಲಿ ಮೊದಲು ಇದ್ದವರನ್ನು ನೋಡಿದ್ದೆಯಾ ಅಂತ. ಅವನು ರಸ್ತೆ ನೋಡುತ್ತಲೇ ಹೇಳಿದ. "ಗೇಟ್ ತಾತನ್ನ? ನೋಡ್ದೆ ಏನಕ್ಕ. ಓದಾಗೆಲ್ಲ ಒಳಿಕ್ ಬಗ್ಗಿ ನೋಡಿ, 'ನಿಮ್ ಓನರಮ್ಮ ಬರ್ನಿಲ್ವಾ?' ಅಂತ ಕೇಳೋರು. ನಾ ಬಂದು ನಿಮ್ಗೂ ಏಳಿದ್ನಲ್ಲ. ನೀವೇ ಅಂದ್ರಿ, ಏನೋ ಆಸೆಗೆ ಕೇಳ್ತಾನೆ, ಎರಡೆಲೆ ಕೊಟ್ಬುಟ್ಟು ಬಾ ಅಂತ."

ನನಗೆ ಹಾಗೆ ಹೇಳಿದ ನೆನಪೇ ಇಲ್ಲ. ಫೋನಿನಲ್ಲಿ ಮಾತಾಡುತ್ತಾ ಹೇಳಿರಬೇಕು. ಕೊಟ್ಟೆಯಾ ಅಂತ ಕೇಳಿದೆ.

"ಕೊಡಕ್ಕೋದೆ. ಈಸ್ಕಳ್ನಿಲ್ಲ. 'ಎಲೆ ಯಾಕಪ್ಪಾ ನಂಗೆ' ಅಂದ್ರು. ಆದ್ರೂ ಮುಂದ್ಲು ಸಲ ಓದಾಗ ಮತ್ತೆ ಕೇಳುದ್ರು."

ಈಗ ಹಂಗಳದ ಲೋಡಿಗೆ ನಾನೇ ಹೋಗುತ್ತೇನೆ. ಡ್ರೈವರ್ ಪಕ್ಕದ ಸೀಟಿನಲ್ಲಿ, ಕಿಟಕಿ ಕಡೆ ಕೂತಿರುತ್ತೇನೆ. ಗೇಟಿನಲ್ಲಿ ಬೇರೊಬ್ಬ ವಾಚ್‌ಮನ್ ಇದ್ದಾನೆ. ಗಾಡಿ ನಂಬರ್ ನೋಡುತ್ತಾನೆ, ಗೇಟು ತೆಗೆಯುತ್ತಾನೆ. ಒಳಗೆ ಯಾರಿದ್ದಾರೆ ಅಂತ ಬಗ್ಗಿ ನೋಡುವುದಿಲ್ಲ.